ಹುಬ್ಬಳ್ಳಿಯಿಂದ ಜರ್ಮನಿಗೆ, ಚಿಕ್ಕ ಮಗುವಿನ ಜೊತೆ: ಮೊದಲ ವರ್ಷದ ಮನೆವಾರ್ತೆ ನಡೆಸುವುದು ಹೇಗೆ

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಕಡೆಯಿಂದ ಕೆಲಸಕ್ಕೆಂದು ಜರ್ಮನಿಗೆ ಹೋಗುವವರು ಈಗ ಬಹಳ. ಒಬ್ಬರೇ ಹೋಗುವಾಗ ಚಿಂತೆ ಕಡಿಮೆ. ಒಂದು ವರ್ಷದ್ದೋ ಮೂರು ವರ್ಷದ್ದೋ ಮಗು ಜೊತೆಗಿದ್ದರೆ ಮನೆಯಲ್ಲಿ ಹಿರಿಯರ ಮೊದಲ ಪ್ರಶ್ನೆ ಒಂದೇ: "ಅಲ್ಲಿ ಕೂಸಿನ್ನ ಯಾರ್ ನೋಡ್ತಾರವಾ?"

ಪ್ರಶ್ನೆ ಸರಿಯಾಗಿಯೇ ಇದೆ. ನಮ್ಮ ಕಡೆ ಅಡುಗೆ ಮಾಡುವಾಗ ಕೂಸು ಅಜ್ಜಿಯ ತೊಡೆಯ ಮೇಲೆ. ಸಂಜೆ ಕಾಕಾನ ಜೊತೆ ಬೈಕಿನಲ್ಲಿ ಒಂದು ಸುತ್ತು. ಜ್ವರ ಬಂದರೆ ಓಣಿಯವರೆಲ್ಲ ಬಂದು ಒಂದೊಂದು ಔಷಧ ಹೇಳುತ್ತಾರೆ. ಅಲ್ಲಿ ಇಬ್ಬರೇ. ಕೈ ಕಡಿಮೆ. ಆ ಕಡಿಮೆಯಾದ ಕೈಗಳ ಕೆಲಸವನ್ನು ಅಲ್ಲಿ ಮಾಡುವುದು ಕಾಗದ, ಅಪಾಯಿಂಟ್‌ಮೆಂಟ್ ಮತ್ತು ಗಡಿಯಾರ. ಇವನ್ನು ಮೊದಲೇ ಜೋಡಿಸಿಕೊಂಡವರು ಆರಾಮ ಇರುತ್ತಾರೆ. ವೀಸಾ, ಸಂಬಳ, ಟಿಕೆಟ್ ಬಗ್ಗೆ ಹೇಳುವವರು ಸಾಕಷ್ಟು ಜನ ಇದ್ದಾರೆ. ನಾನಿಲ್ಲಿ ಹೇಳುವುದು ದಿನ ಬೆಳಗಾದರೆ ಬೇಕಾಗುವ ಸಂಗತಿ. ಇದು ಜರ್ಮನಿಯ ಲೆಕ್ಕ, ಬೇರೆ ದೇಶದ ನಿಯಮ ಬೇರೆ.

1. ಊರು ಬಿಡುವ ಮೊದಲು ಒಂದು ಫೈಲ್ ಮಾಡಿ

ಚೀಲ ತುಂಬುವ ಮೊದಲು ಫೈಲ್ ತುಂಬಿ. ಮೊದಲು ಮಗುವಿನ ಜನನ ಪ್ರಮಾಣಪತ್ರ ತೆಗೆದು ನೋಡಿ. ನಮ್ಮಲ್ಲಿ ಹೆರಿಗೆ ಆದ ಕೂಡಲೇ ನೋಂದಣಿ ಆಗುತ್ತದೆ, ಹೆಸರು ಇಡುವುದು ಆಮೇಲೆ ತೊಟ್ಟಿಲು ಹಾಕುವಾಗ. ಹಾಗಾಗಿ ಎಷ್ಟೋ ಪ್ರಮಾಣಪತ್ರಗಳಲ್ಲಿ ಹೆಸರಿನ ಜಾಗ ಖಾಲಿ ಇರುತ್ತದೆ. ಮಹಾನಗರ ಪಾಲಿಕೆಯಲ್ಲೋ ನಿಮ್ಮ ಊರಿನ ನೋಂದಣಿ ಕಚೇರಿಯಲ್ಲೋ ಹೆಸರು ಸೇರಿಸಿ, ಇ-ಜನ್ಮ ಎಂಬ ಸರಕಾರಿ ಜಾಲತಾಣದಿಂದ ಡಿಜಿಟಲ್ ಸಹಿ ಇರುವ ಪ್ರತಿ ತೆಗೆದುಕೊಳ್ಳಿ. ಅಪ್ಪ-ಅವ್ವನ ಹೆಸರಿನ ಸ್ಪೆಲ್ಲಿಂಗ್ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇರಬೇಕು. ಒಂದು ಅಕ್ಷರ ಹೆಚ್ಚು ಕಡಿಮೆ ಆದರೂ ಅಲ್ಲಿಯ ಕಚೇರಿಯವರು ನಿಲ್ಲಿಸಿ ಕೇಳುತ್ತಾರೆ.

ಮದುವೆ ಪ್ರಮಾಣಪತ್ರವೂ ಬೇಕು. ಕಲ್ಯಾಣ ಮಂಟಪದಲ್ಲಿ ಮದುವೆಯಾಗಿ, ಫೋಟೋ ಆಲ್ಬಂ ಒಂದೇ ಸಾಕ್ಷಿ ಎಂದು ಸುಮ್ಮನಿದ್ದವರು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ನೋಂದಣಿ ಮಾಡಿಸಿ. ಇನ್ನೊಂದು ಅಡ್ಡಹೆಸರಿನ ವಿಷಯ. ನಮ್ಮ ಕಡೆ ಅಡ್ಡಹೆಸರು ಎಲ್ಲರಿಗೂ ಇದೆ. ಆದರೆ ಪಾಸ್‌ಪೋರ್ಟಿನಲ್ಲಿ ಅದು ಸರ್‌ನೇಮ್ ಕಾಲಮ್ಮಿನಲ್ಲಿದೆಯೋ, ಅಥವಾ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಒಂದೇ ಸಾಲಿನಲ್ಲಿ ಸೇರಿಕೊಂಡಿವೆಯೋ ನೋಡಿ. ಹಾಗೆ ಸೇರಿಕೊಂಡಿದ್ದರೆ ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ತಿದ್ದಿಸಿಕೊಂಡು ಹೋಗಿ. ಅಲ್ಲಿಗೆ ಹೋದ ಮೇಲೆ ಬ್ಯಾಂಕು, ವಿಮೆ, ಮನೆ ಕರಾರು ಎಲ್ಲ ಕಡೆ ಅದೇ ತಪ್ಪು ಹೆಸರು ಅಂಟಿಕೊಂಡು ಬರುತ್ತದೆ.

ಮಗುವಿನ ಪಾಸ್‌ಪೋರ್ಟಿಗೆ ತಂದೆ ತಾಯಿ ಇಬ್ಬರ ಒಪ್ಪಿಗೆಯ ಘೋಷಣೆ ಬೇಕು. ನಾಲ್ಕು ವರ್ಷದ ಒಳಗಿನ ಮಗುವಾದರೆ ಬಿಳಿ ಹಿನ್ನೆಲೆಯ ಫೋಟೋ ನೀವೇ ಒಯ್ಯಬೇಕು. ಮಕ್ಕಳ ಪಾಸ್‌ಪೋರ್ಟ್ 5 ವರ್ಷಕ್ಕೆ ಮಾತ್ರ. ಆ ತಾರೀಖನ್ನು ಈಗಲೇ ಫೋನಿನಲ್ಲಿ ಬರೆದಿಡಿ, ಕೊನೆಯಲ್ಲಿ ಇದರ ಮಾತು ಬರುತ್ತದೆ.

ಮೂರನೆಯದು ಲಸಿಕೆ. ಬಹಳ ಜನ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಜರ್ಮನಿಯಲ್ಲಿ 2020ರ ಮಾರ್ಚ್ 1ರಿಂದ ದಡಾರದ ಲಸಿಕೆಗೆ ಕಾನೂನೇ ಇದೆ. ಒಂದು ವರ್ಷ ತುಂಬಿದ ಮಗುವಿಗೆ ಕನಿಷ್ಠ ಒಂದು ಡೋಸ್, ಎರಡು ವರ್ಷ ತುಂಬಿದ ಮಗುವಿಗೆ ಎರಡು ಡೋಸ್ ಆದ ದಾಖಲೆ ಇಲ್ಲದಿದ್ದರೆ ಶಿಶುವಿಹಾರಕ್ಕೆ ಸೇರಿಸಿಕೊಳ್ಳುವುದಿಲ್ಲ. ನಮ್ಮ ಸರಕಾರಿ ಲಸಿಕಾ ಪಟ್ಟಿಯಲ್ಲಿ ದಡಾರ-ರುಬೆಲ್ಲಾ ಮೊದಲ ಡೋಸ್ 9 ತಿಂಗಳು ತುಂಬಿದಾಗ, ಎರಡನೆಯದು 16ರಿಂದ 24 ತಿಂಗಳ ನಡುವೆ. ಎರಡನೆಯದರ ಹೊತ್ತು ಬಂದಿದ್ದರೆ ಇಲ್ಲೇ ಹಾಕಿಸಿಕೊಂಡೇ ವಿಮಾನ ಹತ್ತಿ.

ತಾಯಿ ಕಾರ್ಡಿನಲ್ಲಿ ಅರ್ಧ ಕನ್ನಡ, ಅರ್ಧ ಅವಸರದ ಅಕ್ಷರ. ಅದನ್ನು ಅಲ್ಲಿ ಯಾರೂ ಓದಲಾರರು. ನಿಮ್ಮ ಮಕ್ಕಳ ಡಾಕ್ಟರ ಹತ್ತಿರ ಕೂತು ಲಸಿಕೆಯ ಹೆಸರು, ತಾರೀಖು, ಎಷ್ಟನೆಯ ಡೋಸ್ ಎಂದು ಇಂಗ್ಲಿಷಿನಲ್ಲಿ ಒಂದು ಹಾಳೆ ಮಾಡಿಸಿ, ಸೀಲು-ಸಹಿ ಹಾಕಿಸಿ. ಹುಟ್ಟಿದಾಗ ಹಾಕಿದ ಬಿಸಿಜಿಯೂ ಅದರಲ್ಲಿ ಇರಲಿ. ಜರ್ಮನಿಯಲ್ಲಿ 1998ರಿಂದ ಬಿಸಿಜಿ ಶಿಫಾರಸು ಮಾಡುವುದಿಲ್ಲ, ಅಲ್ಲಿಯ ಡಾಕ್ಟರಿಗೆ ತೋಳಿನ ಕಲೆ ಹೊಸದಾಗಿ ಕಾಣಬಹುದು. ಮಗುವಿಗೆ ಅಲರ್ಜಿ, ಫಿಟ್ಸ್, ಉಬ್ಬಸ ಏನಾದರೂ ಇದ್ದರೆ ಅದನ್ನೂ ಬರೆಸಿಕೊಳ್ಳಿ.

2. ಚೀಲದಲ್ಲಿ ಪೇಢಾ ಬೇಡ, ತೆಂಗಿನಕಾಯಿ ನಡೆಯುತ್ತದೆ

ಧಾರವಾಡದವರಿಗೆ ಕಷ್ಟದ ಮಾತು ಇದು. ಯುರೋಪಿನ ಒಕ್ಕೂಟದೊಳಗೆ ಹೊರದೇಶದಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಚೀಲದಲ್ಲಿ ತರುವಂತಿಲ್ಲ. ಪೇಢಾ, ಖವಾ, ತುಪ್ಪ, ಪನೀರ್ ಎಲ್ಲ ಇದರಲ್ಲೇ ಬಂತು. ಎಲ್ಲರನ್ನೂ ಹಿಡಿಯುವುದಿಲ್ಲ ನಿಜ. ಆದರೆ ರಾತ್ರಿಯಿಡೀ ಕೂತು ಬಂದು, ಅಳುವ ಕೂಸನ್ನು ಎತ್ತಿಕೊಂಡು, ಕಸ್ಟಮ್ಸ್ ಮೇಜಿನ ಮೇಲೆ ಚೀಲ ಬಿಚ್ಚಿ ಕೂಡುವುದು ಯಾರಿಗೆ ಬೇಕು? ಕೂಸಿನ ಹಾಲಿನ ಪುಡಿಗೆ ವಿನಾಯಿತಿ ಇದೆ. ಕಂಪನಿಯ ಪ್ಯಾಕ್ ಒಡೆದಿರಬಾರದು, ಫ್ರಿಜ್ ಬೇಕಾಗುವಂಥದ್ದು ಇರಬಾರದು, ತೂಕ 2 ಕಿಲೋ ಮೀರಬಾರದು.

ತಾಜಾ ಹಣ್ಣು, ಕಾಯಿಪಲ್ಲೆ, ಕರಿಬೇವು ತರಲು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅದನ್ನು ಮನೆಮಂದಿ ಮಾಡಿಸುವುದು ಆಗದ ಮಾತು. ಆದರೆ ತೆಂಗಿನಕಾಯಿ, ಬಾಳೆಹಣ್ಣು, ಅನಾನಸ್, ಖರ್ಜೂರ, ಡುರಿಯನ್ ಈ ಐದಕ್ಕೆ ಅದು ಬೇಡ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಬ್ಯಾಡಗಿ ಮೆಣಸಿನಕಾಯಿ ಪುಡಿ ಧಾರಾಳವಾಗಿ ಒಯ್ಯಿರಿ. ಮೊದಲ ಎರಡು ವಾರ ಅಡುಗೆಮನೆ ಸರಿ ಹೋಗುವವರೆಗೆ ಖಡಕ್ ರೊಟ್ಟಿ ಜೀವ ಉಳಿಸುತ್ತದೆ. ಹಾಲಿನಲ್ಲಿ ನೆನೆಸಿದರೆ ಮಗುವಿಗೂ ಆಯಿತು.

ದುರ್ಗದಬೈಲಿಗೆ ಹೋಗಿ ಮಗುವಿಗೆ ದಪ್ಪ ಸ್ವೆಟರ್, ಜಾಕೆಟ್ ರಾಶಿ ಖರೀದಿ ಮಾಡುವವರನ್ನು ನೋಡಿದ್ದೇನೆ. ಬೇಡ. ಅಲ್ಲಿಯ ಮಳೆಗೆ, ಹಿಮಕ್ಕೆ ನಮ್ಮ ಜಾಕೆಟ್ ಸಾಲುವುದಿಲ್ಲ. ಮಕ್ಕಳ ಬಟ್ಟೆಯ ಸೆಕೆಂಡ್ ಹ್ಯಾಂಡ್ ಸಂತೆಗಳು ಅಲ್ಲಿ ಪ್ರತಿ ಊರಿನಲ್ಲೂ ಇವೆ. ಒಂದು ಚಳಿಗಾಲ ಹಾಕಿದ ಒಳ್ಳೆ ಕೋಟು ಅಲ್ಲಿ ಅಗ್ಗಕ್ಕೆ ಸಿಗುತ್ತದೆ, ಕೊಳ್ಳಲು ಯಾರಿಗೂ ಸಂಕೋಚವಿಲ್ಲ. ಇಲ್ಲಿಂದ ಒಯ್ಯಬೇಕಾದದ್ದು ಮೆತ್ತನೆಯ ಹತ್ತಿ ಒಳಬಟ್ಟೆ, ಮತ್ತು ಅಜ್ಜಿ ಹೊಲಿದ ಕೌದಿ. ಹೊಸ ಮನೆಯಲ್ಲಿ ಮಗು ನಿದ್ದೆ ಮಾಡದ ರಾತ್ರಿಗಳಲ್ಲಿ ಪರಿಚಯದ ವಾಸನೆಯ ಕೌದಿ ಬಹಳ ಕೆಲಸ ಮಾಡುತ್ತದೆ. ಒಂದು ವರ್ಷದ ಒಳಗಿನ ಕೂಸಿಗೆ ಮಾತ್ರ ಮಲಗುವಾಗ ಹೊದಿಕೆ, ದಿಂಬು ಹಾಕಬಾರದು ಎಂದು ಅಲ್ಲಿಯ ಡಾಕ್ಟರು ಹೇಳುತ್ತಾರೆ. ಅದಕ್ಕೆ ತೋಳಿಲ್ಲದ ಅಂಗಿಯಂಥ ಮಲಗುವ ಚೀಲ ಸಿಗುತ್ತದೆ. ಕೌದಿ ಆಗ ಕೆಳಗೆ ಆಡಲು ಹಾಸಲಿ.

3. ಪ್ರಯಾಣ

ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಧಾರವಾಡದಿಂದ ವಂದೇ ಭಾರತ್ ಹಿಡಿದು ಬೆಂಗಳೂರಿಗೆ ಹೋಗಿ, ಅದೇ ರಾತ್ರಿ ವಿಮಾನ ಹತ್ತುವ ಸಾಹಸ ಬೇಡ. ಒಂದು ರಾತ್ರಿ ಉಳಿದು ಹೋಗಿ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಮ್ಯೂನಿಕ್ ಎರಡಕ್ಕೂ ನೇರ ವಿಮಾನ ಇವೆ. ಮಗುವಿನ ಜೊತೆ ವಿಮಾನ ಬದಲಿಸುವ ಕಷ್ಟಕ್ಕಿಂತ ನೇರ ಟಿಕೆಟಿನ ಹೆಚ್ಚಿನ ದುಡ್ಡು ಕೊಡುವುದೇ ಮೇಲು. ಇಳಿದ ಮೇಲೆ ಮೂರ್ನಾಲ್ಕು ದಿನ ಮಗು ಬೆಳಗಿನ ಮೂರಕ್ಕೆ ಎದ್ದು ಕೂಡುತ್ತದೆ. ಹಗಲು ಹೊರಗೆ ಬೆಳಕಿನಲ್ಲಿ ಆಡಿಸಿದರೆ ಬೇಗ ಸರಿಯಾಗುತ್ತದೆ.

4. ಮೊದಲ ತಿಂಗಳು: ಹೆಸರು ಬರೆಸುವ ಕೆಲಸಗಳು

ಮನೆಗೆ ಹೊಕ್ಕ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಣಿ ಆಗಬೇಕು. ಇದಕ್ಕೆ ಅಲ್ಲಿ ಆನ್‌ಮೆಲ್ಡುಂಗ್ ಎನ್ನುತ್ತಾರೆ. ಮನೆಯ ಮಾಲೀಕರು ಸಹಿ ಮಾಡಿಕೊಟ್ಟ ಪತ್ರ ಬೇಕು. ಕಚೇರಿಯ ಅಪಾಯಿಂಟ್‌ಮೆಂಟ್ ಸಿಗುವುದೇ ತಡವಾಗುತ್ತದೆ, ಹಾಗಾಗಿ ಮನೆ ಗೊತ್ತಾದ ದಿನವೇ ಬುಕ್ ಮಾಡಿ. ಮಗುವನ್ನೂ ಸೇರಿಸಿ ಎಲ್ಲರ ಹೆಸರು ಅದರಲ್ಲಿ ಬರಬೇಕು.

ಇನ್ನು ಅಂಚೆ ಡಬ್ಬಿ. ಅಲ್ಲಿ ಮನೆ ನಂಬರಿಗಿಂತ ಡಬ್ಬಿಯ ಮೇಲಿನ ಹೆಸರು ಮುಖ್ಯ. ನಮ್ಮಲ್ಲಿ ಗಂಡನ ಅಡ್ಡಹೆಸರು ಒಂದು, ಪಾಸ್‌ಪೋರ್ಟಿನಲ್ಲಿ ಹೆಂಡತಿಯದು ತವರಿನದು, ಮಗುವಿನದು ಇನ್ನೊಂದು ಥರ ಇರುವುದುಂಟು. ಡಬ್ಬಿಯ ಮೇಲೆ ಎಲ್ಲ ಹೆಸರೂ ಬರೆದು ಅಂಟಿಸಿ. ಇಲ್ಲವಾದರೆ ಮಗುವಿನ ವಿಮೆಯ ಕಾರ್ಡು, ತೆರಿಗೆ ನಂಬರಿನ ಪತ್ರ ಬಂದ ದಾರಿಯಲ್ಲೇ ವಾಪಸ್ ಹೋಗುತ್ತವೆ. ಆ ದೇಶ ಈಗಲೂ ಪತ್ರದ ಮೇಲೇ ನಡೆಯುತ್ತದೆ ಎಂದರೆ ನಂಬುವುದು ಕಷ್ಟ, ಆದರೆ ನಿಜ.

ಸಾರ್ವಜನಿಕ ಆರೋಗ್ಯ ವಿಮೆಯಲ್ಲಿ ಇದ್ದರೆ ಮಗು, ಸಂಪಾದನೆ ಇಲ್ಲದ ಗಂಡ ಅಥವಾ ಹೆಂಡತಿ ಬೇರೆ ಕಂತು ಕಟ್ಟದೇ ಅದರಲ್ಲೇ ಸೇರುತ್ತಾರೆ. ಆದರೆ ತಾನಾಗಿಯೇ ಸೇರುವುದಿಲ್ಲ, ಅರ್ಜಿ ಹಾಕಬೇಕು. ಹಾಗೆಯೇ ಕಿಂಡರ್‌ಗೆಲ್ಡ್ ಎಂಬ ಮಕ್ಕಳ ಭತ್ಯೆ. ಒಂದು ಮಗುವಿಗೆ ತಿಂಗಳಿಗೆ 2025ರಲ್ಲಿ 255 ಯೂರೋ ಇತ್ತು, 2026ರಿಂದ 259 ಯೂರೋ. ಕೆಲಸದ ಪರವಾನಗಿ, ಬ್ಲೂ ಕಾರ್ಡ್ (ಹೆಚ್ಚು ಓದಿದ ನೌಕರರಿಗೆ ಕೊಡುವ ವಾಸದ ಪರವಾನಗಿ) ಇರುವ ನಮ್ಮಂಥವರಿಗೂ ಸಾಮಾನ್ಯವಾಗಿ ಸಿಗುತ್ತದೆ. ಹಿಂದಿನ ಬಾಕಿ ಆರು ತಿಂಗಳದ್ದು ಮಾತ್ರ ಕೊಡುತ್ತಾರೆ, "ಆಮ್ಯಾಲೆ ನೋಡೋಣ" ಅಂದರೆ ದುಡ್ಡು ಹೋಯಿತು.

ಮಗು ಚೆನ್ನಾಗಿದ್ದಾಗಲೇ ಮಕ್ಕಳ ಡಾಕ್ಟರನ್ನು ಹುಡುಕಿ. ಹುಬ್ಬಳ್ಳಿಯ ಹಾಗೆ ಕ್ಲಿನಿಕ್ಕಿಗೆ ಹೋಗಿ ಚೀಟಿ ಬರೆಸಿ ಕೂಡುವುದು ಅಲ್ಲಿಲ್ಲ. ಎಷ್ಟೋ ಡಾಕ್ಟರು ಹೊಸ ಮಕ್ಕಳನ್ನು ತೆಗೆದುಕೊಳ್ಳುವುದೇ ಇಲ್ಲ. ಮನೆಯ ಹತ್ತಿರದವರಿಂದ ಶುರು ಮಾಡಿ ಒಬ್ಬೊಬ್ಬರಿಗೇ ಫೋನ್ ಮಾಡಿ. ಮೊದಲ ಭೇಟಿಗೆ ನಿಯಮಿತ ತಪಾಸಣೆಯ ನೆಪ ಒಳ್ಳೆಯದು. ಅಲ್ಲಿ ಪ್ರತಿ ಮಗುವಿಗೂ ವಯಸ್ಸಿನ ಪ್ರಕಾರ ತಪಾಸಣೆ ಇದೆ. ಯು7 ಎಂಬುದು 21ರಿಂದ 24 ತಿಂಗಳಿಗೆ, ಯು7ಎ 34ರಿಂದ 36ಕ್ಕೆ, ಯು8 46ರಿಂದ 48ಕ್ಕೆ, ಯು9 60ರಿಂದ 64ಕ್ಕೆ. ಇದನ್ನೆಲ್ಲ ಒಂದು ಹಳದಿ ಪುಸ್ತಕದಲ್ಲಿ ಬರೆಯುತ್ತಾರೆ. ತಾಯಿ ಕಾರ್ಡಿನ ಹಾಗೆ ಅದನ್ನೂ ಜೋಪಾನ ಮಾಡಿ.

5. ಕಿಟಾ: ಇಲ್ಲಿ ಅವಸರ ಮಾಡಬೇಡಿ

ಶಿಶುವಿಹಾರಕ್ಕೆ ಅಲ್ಲಿ ಕಿಟಾ ಎನ್ನುತ್ತಾರೆ. 2013ರ ಆಗಸ್ಟ್ 1ರಿಂದ ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಆರೈಕೆಯ ಜಾಗ ಪಡೆಯುವ ಹಕ್ಕು ಕಾನೂನಿನಲ್ಲಿದೆ. ಹಕ್ಕು ಇದೆ, ಜಾಗ ಇಲ್ಲ. ದೊಡ್ಡ ಊರುಗಳಲ್ಲಿ ತಿಂಗಳುಗಟ್ಟಲೆ ಕಾಯಬೇಕು. ಹಾಗಾಗಿ ವಿಳಾಸ ಬಂದ ದಿನವೇ ಊರಿನ ಪೋರ್ಟಲ್ಲಿನಲ್ಲಿ ಹೆಸರು ಹಾಕಿ. ಹಾಕಿ ಸುಮ್ನೆ ಕೂಡಬೇಡಿ, ಹತ್ತಿರದ ಕಿಟಾಗಳಿಗೆ ಖುದ್ದಾಗಿ ಬರೆದು ಕೇಳಿ. ಮನೆಯಲ್ಲೇ ನಾಲ್ಕೈದು ಮಕ್ಕಳನ್ನು ನೋಡಿಕೊಳ್ಳುವ, ಪರವಾನಗಿ ಪಡೆದ ಆಯಾಗಳೂ ಇದ್ದಾರೆ. ಎರಡು ವರ್ಷದೊಳಗಿನ ಮಗುವಿಗೆ ನನ್ನ ಪ್ರಕಾರ ಅದೇ ಚೆನ್ನ. ಮಂದಿ ಕಡಿಮೆ, ಮಗುವಿಗೆ ಗಾಬರಿ ಕಡಿಮೆ. ಶುಲ್ಕ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಬರ್ಲಿನ್ನಿನಲ್ಲಿ ಊಟದ ದುಡ್ಡು ಬಿಟ್ಟರೆ ಕಿಟಾ ಬಹುಪಾಲು ಉಚಿತ, ಬೇರೆ ಕಡೆ ಸಂಬಳ ನೋಡಿ ಲೆಕ್ಕ ಹಾಕುವುದೂ ಇದೆ.

ಜಾಗ ಸಿಕ್ಕಿತು ಅನ್ನಿ. ನಮ್ಮಲ್ಲಿ ಬಾಲವಾಡಿಗೆ ಮೊದಲ ದಿನ ಅಳುವ ಮಗುವನ್ನು ಟೀಚರ್ ಕೈಗೆ ಕೊಟ್ಟು, ತಿರುಗಿ ನೋಡದೇ ಬಂದುಬಿಡುತ್ತೇವೆ. ಅಲ್ಲಿ ಹಾಗೆ ಮಾಡಲು ಬಿಡುವುದಿಲ್ಲ. ಮಗುವನ್ನು ಒಗ್ಗಿಸಲೆಂದೇ ವಾರಗಳಿವೆ. ಬಹಳ ಕಡೆ ನಡೆಯುವುದು ಬರ್ಲಿನ್ ಮಾದರಿ. ಮೊದಲ 3 ದಿನ ಅಪ್ಪನೋ ಅವ್ವನೋ ಮಗುವಿನ ಜೊತೆ ಒಂದು ತಾಸು ಅಲ್ಲೇ ಕೂಡಬೇಕು, ಬಿಟ್ಟು ಹೋಗುವಂತಿಲ್ಲ. ನಾಲ್ಕನೆಯ ದಿನ ಮಗುವಿಗೆ ಹೇಳಿ ಸ್ವಲ್ಪ ಹೊತ್ತು ಹೊರಗೆ ನಿಲ್ಲಬೇಕು. ಮಗು ಆ ಟೀಚರ ಹತ್ತಿರ ಸಮಾಧಾನ ಆಯಿತೋ ಇಲ್ಲವೋ ನೋಡಿ ಮುಂದಿನ ಹೆಜ್ಜೆ. ಎರಡು ಮೂರು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ.

ಹೊಸ ಕೆಲಸಕ್ಕೆ ಸೇರಿದವರಿಗೆ ಇದು ತಲೆನೋವು. ಆದರೂ ನನ್ನ ಮಾತು ಕೇಳಿ, ಇಬ್ಬರಲ್ಲಿ ಒಬ್ಬರು ಇದಕ್ಕೆ ಒಂದು ತಿಂಗಳು ರಜೆ ಇಟ್ಟುಕೊಳ್ಳಿ. ಆ ತಿಂಗಳಲ್ಲಿ ಆಫೀಸಿನ ಮೀಟಿಂಗ್ ಇಟ್ಟುಕೊಳ್ಳಬೇಡಿ. ಅಜ್ಜಿ ತೊಡೆಯಿಂದ ಎತ್ತಿ ತಂದ ಮಗು. ಭಾಷೆ ಗೊತ್ತಿಲ್ಲ, ಮುಖ ಗೊತ್ತಿಲ್ಲ, ಊಟ ಗೊತ್ತಿಲ್ಲ. ಇಲ್ಲಿ ಒಂದು ವಾರ ಉಳಿಸಲು ಹೋದರೆ ಆಮೇಲೆ ಮೂರು ತಿಂಗಳು ದಿನಾ ಬಾಗಿಲಲ್ಲಿ ಅಳು. ಹೇಳದೇ ಕದ್ದು ಹೋಗುವ ನಮ್ಮ ಉಪಾಯವಂತೂ ಬೇಡವೇ ಬೇಡ. "ಹೋಗಿ ಬರ್ತೀನಿ, ಊಟ ಆದ ಮ್ಯಾಲೆ ಬರ್ತೀನಿ" ಎಂದು ಹೇಳಿ, ಹೇಳಿದ ಹೊತ್ತಿಗೆ ಬನ್ನಿ.

ಕಿಟಾದವರು ಒಂದು ಪಟ್ಟಿ ಕೊಡುತ್ತಾರೆ. ಒಳಗೆ ಹಾಕುವ ಚಪ್ಪಲಿ, ರಬ್ಬರ್ ಬೂಟು, ಕೆಸರಿನಲ್ಲಿ ಆಡಲು ಮೇಲೆ ಹಾಕುವ ನೀರು ಹಿಡಿಯದ ಪ್ಯಾಂಟು, ಎರಡು ಜೊತೆ ಬದಲಿ ಬಟ್ಟೆ, ಮನೆಯವರ ಫೋಟೋ. ಎಲ್ಲದರ ಮೇಲೂ ಹೆಸರು ಬರೆಯಿರಿ, ಸಾಕ್ಸ್ ಮೇಲೂ. ಫೋಟೋದಲ್ಲಿ ಅಜ್ಜ-ಅಜ್ಜಿಯೂ ಇರಲಿ. ಸಂಜೆ ಕರೆದುಕೊಂಡು ಹೋಗುವವರ ಹೆಸರು ಮೊದಲೇ ಬರೆದುಕೊಡಬೇಕು. ಹೆಸರಿಲ್ಲದ ಮಾಮಾ ಹೋದರೆ ಮಗುವನ್ನು ಕಳಿಸುವುದಿಲ್ಲ.

ಊಟದ ಬಗ್ಗೆ ಬಿಡಿಸಿ ಹೇಳಿ. ನಮ್ಮ ಕಡೆಯವರಲ್ಲಿ ಸಸ್ಯಾಹಾರಿಗಳು ಜಾಸ್ತಿ. ಬರೇ ಸಸ್ಯಾಹಾರ ಎಂದರೆ ಮೀನು ನಡೆಯುತ್ತದೆಯೋ, ಮೊಟ್ಟೆ ನಡೆಯುತ್ತದೆಯೋ ಎಂದು ಮತ್ತೆ ಕೇಳುತ್ತಾರೆ. ಯಾವುದು ಬೇಡ ಎಂದು ಒಂದೊಂದಾಗಿ ಬರೆದುಕೊಡಿ. ಬಣ್ಣದ ಜೆಲ್ಲಿ ಮಿಠಾಯಿಯಲ್ಲಿ ಹೆಚ್ಚಾಗಿ ಹಂದಿಯ ಜೆಲಾಟಿನ್ ಇರುತ್ತದೆ, ಹುಟ್ಟುಹಬ್ಬದ ಪೊಟ್ಟಣದಲ್ಲಿ ಅದು ಬಂದೇ ಬರುತ್ತದೆ. ಬೆಳಗಿನ ಡಬ್ಬಿಗೆ ಬ್ರೆಡ್, ಚೀಸ್, ಹೆಚ್ಚಿದ ಸೇಬು, ಸವತೆಕಾಯಿ. ಚಾಕಲೇಟ್, ಬಿಸ್ಕಿಟ್ ಬಹಳ ಕಡೆ ಬೇಡ ಎನ್ನುತ್ತಾರೆ. ಚಪಾತಿ ಸುರುಳಿ ಕೊಟ್ಟರೆ ಯಾರೂ ಏನೂ ಅನ್ನುವುದಿಲ್ಲ. ಪಕ್ಕದ ಮಗು ಅರ್ಧ ಕೇಳಿ ತಿಂದೀತು.

ಭಾಷೆಯ ಚಿಂತೆ ಬಿಡಿ. ಮನೆಯಲ್ಲಿ ಕನ್ನಡವನ್ನೇ ಮಾತಾಡಿ. ನಮ್ಮ ಅರೆಬರೆ ಜರ್ಮನ್ ಕೇಳಿ ಮಗು ಕಲಿಯುವುದು ಏನೂ ಇಲ್ಲ. ಕಿಟಾದಲ್ಲಿ ಮೊದಲ ಕೆಲವು ತಿಂಗಳು ಮಗು ಬಾಯಿಯೇ ಬಿಡದೇ ಇರಬಹುದು. ಕೇಳಿಸಿಕೊಳ್ಳುತ್ತಾ ಇರುತ್ತದೆ. ಟೀಚರಿಗೆ ನೀರು, ಉಚ್ಚೆ, ನೋವು, ಸಾಕು, ಅವ್ವ ಬರ್ತಾಳೆ ಎನ್ನುವಂಥ ಹತ್ತು ಕನ್ನಡ ಮಾತುಗಳನ್ನು ಅವರ ಅಕ್ಷರದಲ್ಲಿ ಬರೆದುಕೊಡಿ. ಖುಷಿಯಿಂದ ಗೋಡೆಗೆ ಅಂಟಿಸಿಕೊಳ್ಳುತ್ತಾರೆ.

6. ದಿನದ ಊಟ-ನಿದ್ದೆ ಎರಡೂವರೆ ಮೂರು ತಾಸು ಮುಂಚೆ ತನ್ನಿ

ನಮ್ಮಲ್ಲಿ ರಾತ್ರಿ ಊಟ ಒಂಬತ್ತಕ್ಕೆ, ಮಗು ಮಲಗುವುದು ಹತ್ತೂವರೆಗೆ. ಅಲ್ಲಿ ಚಿಕ್ಕ ಮಕ್ಕಳು ಏಳೂವರೆ, ಎಂಟಕ್ಕೆಲ್ಲ ಮಲಗಿರುತ್ತಾರೆ. ಬೆಳಿಗ್ಗೆ ಎಂಟರ ಆಸುಪಾಸಿಗೆ ಕಿಟಾ ಬಾಗಿಲಲ್ಲಿ ಇರಬೇಕಾದರೆ ಆರೂವರೆಗೆ ಏಳಬೇಕು. ಹಾಗಾಗಿ ಮಗುವಿನ ಊಟ ಸಂಜೆ ಆರು, ಆರೂವರೆಗೇ ಮುಗಿಯಬೇಕು. ಅನ್ನ-ಸಾರು ಹಿಂದಿನ ದಿನವೇ ಇದ್ದರೆ ಇದು ಆಗುತ್ತದೆ. ಸಂಜೆ ಬಂದು ಒಲೆ ಹಚ್ಚಿದರೆ ಆಗುವುದಿಲ್ಲ. ಊರಿನಲ್ಲಿ ಇರುವಾಗಲೇ ದಿನಾ ಸ್ವಲ್ಪ ಸ್ವಲ್ಪ ಮುಂಚೆ ಮಲಗಿಸುವ ರೂಢಿ ಮಾಡಿದರೆ ಅಲ್ಲಿ ಸುಲಭ.

ಬೇಸಿಗೆಯಲ್ಲಿ ರಾತ್ರಿ ಒಂಬತ್ತೂವರೆಗೂ ಬೆಳಕು. ಮಗು "ಇನ್ನೂ ಹಗಲೈತಿ" ಎಂದು ವಾದ ಮಾಡುತ್ತದೆ. ಕಿಟಕಿಗೆ ಉರುಳುವ ಬಾಗಿಲು ಇಲ್ಲದಿದ್ದರೆ ದಪ್ಪ ಕಪ್ಪು ಪರದೆ ಹಾಕಿಸಿ. ಡಿಸೆಂಬರಿನಲ್ಲಿ ಉಲ್ಟಾ. ಸಂಜೆ ನಾಲ್ಕು, ನಾಲ್ಕೂವರೆಗೆ ಕತ್ತಲು. ಆಗ ಮನೆಯೊಳಗೇ ಕೂತರೆ ಮಗುವಿಗೂ ನಮಗೂ ತಲೆ ಕೆಡುತ್ತದೆ. ಕಿಟಾದಿಂದ ನೇರ ಮನೆಗೆ ಬರದೇ ಅರ್ಧ ತಾಸು ಆಟದ ಮೈದಾನದಲ್ಲಿ ಇದ್ದು ಬನ್ನಿ. ಮಳೆ ಇದ್ದರೂ ಅಲ್ಲಿಯ ಮಕ್ಕಳು ಹೊರಗೇ. ಜಾರುಬಂಡಿಗೆ ಮಗುವನ್ನು ನಾವೇ ಎತ್ತಿ ಕೂರಿಸುವ ಅವಸರ ಬೇಡ, ಹತ್ತಲು ಬಂದಾಗ ತಾನೇ ಹತ್ತುತ್ತದೆ. ಬೇರೆಯವರ ಮಗುವನ್ನು ಎತ್ತಿಕೊಳ್ಳುವುದು, ಗಲ್ಲ ಹಿಂಡುವುದು, ಫೋಟೋ ತೆಗೆಯುವುದು, ಕೇಳದೇ ತಿಂಡಿ ಕೊಡುವುದು ಮಾಡಬೇಡಿ. ನಮಗೆ ಅದು ಪ್ರೀತಿ, ಅವರಿಗೆ ಗಾಬರಿ.

ಇನ್ನೊಂದು ಮಾತು ನೇರವಾಗಿ ಹೇಳಬೇಕು. ಅಲ್ಲಿ ಮಗುವಿಗೆ ಹೊಡೆಯುವಂತಿಲ್ಲ. 2000ದಿಂದ ಹೊಡೆತವಿಲ್ಲದೇ ಬೆಳೆಯುವುದು ಮಗುವಿನ ಹಕ್ಕೆಂದು ಕಾನೂನಿನಲ್ಲೇ ಇದೆ. "ಒಂದು ಏಟು ಹಾಕಿದ್ರ ಸುಮ್ಮನಾಗ್ತದ" ಎನ್ನುವ ಹಿರಿಯರಿಗೂ ಬರುವ ಮೊದಲೇ ಇದನ್ನು ತಿಳಿಸಿ.

ಬಸ್ಸು, ರೈಲಿನಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಕಾರಿನಲ್ಲಿ ಮಾತ್ರ ಮಗುವನ್ನು ತೊಡೆಯ ಮೇಲೆ ಕೂರಿಸುವ ಹಾಗಿಲ್ಲ. 12 ವರ್ಷ ಅಥವಾ 150 ಸೆಂಟಿಮೀಟರ್ ಎತ್ತರ ಆಗುವ ತನಕ ಮಕ್ಕಳ ಸೀಟು ಬೇಕೇ ಬೇಕು. ಚಳಿಗಾಲದಲ್ಲಿ ದಪ್ಪ ಜಾಕೆಟ್ ಮೇಲೆ ಬೆಲ್ಟ್ ಬಿಗಿಯಬೇಡಿ. ಬೆಲ್ಟ್ ಸಡಿಲ ಉಳಿಯುತ್ತದೆ. ಜಾಕೆಟ್ ತೆಗೆದು ಕೂರಿಸಿ, ಮೇಲೆ ಹೊದಿಸಿ.

7. ಅಡುಗೆಮನೆ, ಸಪ್ಪಳ, ಹೊಗೆ

ಜೋಳದ ಹಿಟ್ಟು ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. ಹಳೆಯದಾಗಿರುತ್ತದೆ, ಜಿಗಿ ಕಡಿಮೆ. ಎಸರು ಕುದಿಯುತ್ತಿರುವಾಗಲೇ ಹಿಟ್ಟು ಹಾಕಿ ಚೆನ್ನಾಗಿ ನಾದಿದರೆ ಬಡಿಯಲು ಬರುತ್ತದೆ, ಅಂಚು ಸೀಳುವುದು ಸಹಿಸಿಕೊಳ್ಳಿ. ಗ್ಯಾಸ್ ಒಲೆ ಅಪರೂಪ. ಇಂಡಕ್ಷನ್ ಆಗಿದ್ದರೆ ತಳ ಸಮ ಇರುವ ಕಬ್ಬಿಣದ ಹಂಚು ನಡೆಯುತ್ತದೆ, ಅಲ್ಯೂಮಿನಿಯಂ ಪಾತ್ರೆ ನಡೆಯುವುದಿಲ್ಲ. ನಮ್ಮ ಮಿಕ್ಸರ್ ಅಲ್ಲಿಯ ಕರೆಂಟಿಗೆ ಸರಿ ಹೋಗುತ್ತದೆ, ಪ್ಲಗ್ಗಿನ ಅಡಾಪ್ಟರ್ ಮಾತ್ರ ಬೇಕು.

ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಮತ್ತೆ ರವಿವಾರ ಇಡೀ ದಿನ ಸಪ್ಪಳ ಮಾಡುವಂತಿಲ್ಲ. ಮಿಕ್ಸರ್ ತಿರುಗಿಸುವುದು, ಗೋಡೆಗೆ ಮೊಳೆ ಹೊಡೆಯುವುದು ಆ ಹೊತ್ತಿನಲ್ಲಿ ಬೇಡ. ರೊಟ್ಟಿ ಬಡಿಯುವ ಸಪ್ಪಳಕ್ಕೆ ಕೆಳಗಿನ ಮನೆಯವರು ಬಂದು ಕೇಳಿದರೆ ಒಂದು ರೊಟ್ಟಿ ಕೊಟ್ಟು ಕಳಿಸಿ, ಸ್ನೇಹ ಆಗುತ್ತದೆ. ಮಗುವಿನ ಅಳು, ಓಡಾಟಕ್ಕೆ ಅಷ್ಟು ಹೆದರಬೇಕಿಲ್ಲ. ಕಿಟಾ, ಆಟದ ಮೈದಾನದ ಮಕ್ಕಳ ಗದ್ದಲವನ್ನು ಸಾಮಾನ್ಯವಾಗಿ ತೊಂದರೆ ಎಂದು ಎಣಿಸಬಾರದೆಂದು 2011ರಲ್ಲಿ ಕಾನೂನನ್ನೇ ತಿದ್ದಿದ್ದಾರೆ. ಮನೆಯೊಳಗೂ ಕೂಸಿನ ಅಳುವಿಗೆ ಜನ ಹೊಂದಿಕೊಳ್ಳುತ್ತಾರೆ.

ಮಲಗುವ ಕೋಣೆ, ಮಕ್ಕಳ ಕೋಣೆ, ಹೊರಬಾಗಿಲಿಗೆ ಹೋಗುವ ಓಡಾಟದ ಜಾಗದ ಮೇಲ್ಛಾವಣಿಯಲ್ಲಿ ಹೊಗೆಯ ಅಲಾರಾಂ ಇರುತ್ತದೆ. ಮೆಣಸಿನಕಾಯಿ ಒಗ್ಗರಣೆ ಹಾಕುವಾಗ ಅಡುಗೆಮನೆ ಬಾಗಿಲು ಮುಚ್ಚಿ, ಕಿಟಕಿ ತೆರೆಯಿರಿ. ಅದರ ಕೂಗಿಗೆ ಮಲಗಿದ ಮಗು ಎದ್ದರೆ ಆ ರಾತ್ರಿ ಮುಗಿಯಿತು. ಚಳಿ ಎಂದು ಕಿಟಕಿ ಮುಚ್ಚಿಯೇ ಇಟ್ಟು ಒಳಗೇ ಬಟ್ಟೆ ಒಣಗಿಸಿದರೆ ಗೋಡೆಗೆ ಬೂಸ್ಟು ಹಿಡಿಯುತ್ತದೆ. ಮಗುವಿನ ಕೆಮ್ಮಿಗೂ ಅದು ಕೆಟ್ಟದ್ದು, ಮನೆ ಬಿಡುವಾಗ ಮಾಲೀಕರ ಜೊತೆ ಜಗಳಕ್ಕೂ ಕಾರಣ. ದಿನಕ್ಕೆ ಎರಡು ಮೂರು ಸಲ ಐದೈದು ನಿಮಿಷ ಎಲ್ಲ ಕಿಟಕಿ ಪೂರಾ ತೆರೆದು ಮುಚ್ಚಿ.

ರವಿವಾರ ಅಂಗಡಿ ಇರುವುದಿಲ್ಲ. ಶನಿವಾರವೇ ಹಾಲು, ಡೈಪರ್, ಜ್ವರದ ಔಷಧ ನೋಡಿಕೊಳ್ಳಿ.

8. ಚಳಿ ಮತ್ತು ಜ್ವರ

ಮಗುವಿಗೆ ಒಂದು ದಪ್ಪ ಸ್ವೆಟರ್ ಹಾಕುವುದಕ್ಕಿಂತ ತೆಳುವಾದ ಮೂರು ಪದರ ಮೇಲು. ಕಿಟಾದಲ್ಲಿ ಒಳಗೆ ಬೆಚ್ಚಗಿರುತ್ತದೆ, ಹೊರಗೆ ಹಿಮ. ಪದರ ತೆಗೆದು ಹಾಕಲು ಬರಬೇಕು. ತಲೆ, ಕಿವಿ ಮುಚ್ಚುವ ನಮ್ಮ ಕುಂಚಿಗಿಯ ಬುದ್ಧಿ ಅಲ್ಲಿಯೂ ಸರಿಯೇ, ಅಲ್ಲಿ ಅದಕ್ಕೆ ಉಣ್ಣೆಯದು ಸಿಗುತ್ತದೆ. ಚಳಿಗಾಲದಲ್ಲಿ ಬಿಸಿಲು ಕಡಿಮೆ, ನಮ್ಮ ಚರ್ಮದ ಬಣ್ಣಕ್ಕೆ ಇನ್ನೂ ಹೆಚ್ಚು ಬಿಸಿಲು ಬೇಕು. ವಿಟಮಿನ್ ಡಿ ಎಷ್ಟು, ಎಲ್ಲಿಯವರೆಗೆ ಕೊಡಬೇಕು ಎಂದು ಡಾಕ್ಟರನ್ನು ಮೊದಲ ಭೇಟಿಯಲ್ಲೇ ಕೇಳಿ.

ಕಿಟಾ ಸೇರಿದ ಮೊದಲ ಚಳಿಗಾಲ ಮಗುವಿಗೆ ನೆಗಡಿ ಬಿಡುವುದೇ ಇಲ್ಲ. ವರ್ಷಕ್ಕೆ ಎಂಟ್ಹತ್ತು ಸಲ ಬರುವುದು ಸಹಜ. ಅಲ್ಲಿಯ ಡಾಕ್ಟರು ಆಂಟಿಬಯೋಟಿಕ್ ಸುಲಭವಾಗಿ ಬರೆಯುವುದಿಲ್ಲ. "ನೀರು ಕುಡಿಸಿ, ವಿಶ್ರಾಂತಿ ಕೊಡಿ, ಮೂರು ದಿನ ಬಿಟ್ಟು ನೋಡೋಣ" ಎಂದು ಕಳಿಸುತ್ತಾರೆ. ನಮ್ಮವರಿಗೆ ಡಾಕ್ಟರಿಗೆ ಏನೂ ಗೊತ್ತಿಲ್ಲವೇನೋ ಅನಿಸುತ್ತದೆ. ಹಾಗಲ್ಲ, ಬಹಳಷ್ಟು ಸಲ ಅದೇ ಸರಿ. ಜ್ವರಕ್ಕೆ ಪ್ಯಾರಾಸಿಟಮಾಲನ್ನು ಗುದದ್ವಾರದಲ್ಲಿ ಇಡುವ ಗುಳಿಗೆಯಾಗಿ ಕೊಡುವುದು ಅಲ್ಲಿ ಮಾಮೂಲು, ಗಾಬರಿ ಬೇಡ. 12 ವರ್ಷದೊಳಗಿನ ಮಕ್ಕಳಿಗೆ ಡಾಕ್ಟರು ಬರೆದುಕೊಟ್ಟ ಔಷಧದ ಖರ್ಚು ಸಾಮಾನ್ಯವಾಗಿ ವಿಮೆಯದೇ.

ರಾತ್ರಿ ಅಥವಾ ರಜೆಯ ದಿನ ಡಾಕ್ಟರು ಬೇಕಾದರೆ 116117. ಜೀವಕ್ಕೆ ಅಪಾಯ ಅನಿಸಿದರೆ 112. ಎರಡನ್ನೂ ಫ್ರಿಜ್ ಮೇಲೆ ಅಂಟಿಸಿ, ಕೆಳಗೆ ನಿಮ್ಮ ವಿಳಾಸ ಜರ್ಮನ್ ಅಕ್ಷರದಲ್ಲಿ ಬರೆದಿಡಿ. ಗಾಬರಿಯಲ್ಲಿ ಬೀದಿಯ ಹೆಸರು ಬಾಯಿಗೆ ಬರುವುದಿಲ್ಲ.

ಮಗುವಿಗೆ ಹುಷಾರಿಲ್ಲ ಎಂದು ಕೆಲಸಕ್ಕೆ ರಜೆ ಹಾಕಲು ಅಲ್ಲಿ ಹಕ್ಕಿದೆ. ಸಾರ್ವಜನಿಕ ವಿಮೆಯಲ್ಲಿದ್ದರೆ 2024ರಿಂದ ಒಂದು ಮಗುವಿಗೆ ವರ್ಷಕ್ಕೆ ತಂದೆಗೆ 15, ತಾಯಿಗೆ 15 ಕೆಲಸದ ದಿನ. ಆ ದಿನಗಳ ಸಂಬಳದ ಬಹುಪಾಲನ್ನು ವಿಮೆಯವರು ಕೊಡುತ್ತಾರೆ. ಗಂಡಸರು ಈ ರಜೆ ಕೇಳಲು ನಾಚಿಕೊಳ್ಳುತ್ತಾರೆ. ಅಲ್ಲಿಯ ಗಂಡಸರು ನಾಚುವುದಿಲ್ಲ. ಇಬ್ಬರೂ ಪಾಳಿ ಹಾಕಿಕೊಳ್ಳಿ.

9. ಅಜ್ಜ-ಅಜ್ಜಿಯ ಪಾಲು

ನಮ್ಮ ಹೊತ್ತು ಜರ್ಮನಿಗಿಂತ ಚಳಿಗಾಲದಲ್ಲಿ ನಾಲ್ಕೂವರೆ ತಾಸು, ಬೇಸಿಗೆಯಲ್ಲಿ ಮೂರೂವರೆ ತಾಸು ಮುಂದೆ. ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ರವಿವಾರ ಇದು ಬದಲಾಗುತ್ತದೆ. ಸಂಜೆಯ ವಿಡಿಯೋ ಕಾಲ್ ನಡೆಯುವುದು ಕಷ್ಟ. ಅಲ್ಲಿ ಐದಾದಾಗ ಚಳಿಗಾಲದಲ್ಲಿ ಇಲ್ಲಿ ರಾತ್ರಿ ಒಂಬತ್ತೂವರೆ, ಅಜ್ಜನಿಗೆ ತೂಕಡಿಕೆ, ಮಗುವಿಗೆ ಹಸಿವು. ಬೆಳಗಿನ ತಿಂಡಿಯ ಹೊತ್ತು ಒಳ್ಳೆಯದು. ಅಲ್ಲಿ ಏಳು, ಇಲ್ಲಿ ಹನ್ನೊಂದೂವರೆ. ಅಜ್ಜಿ ಇಲ್ಲಿ ಕಾಯಿಪಲ್ಲೆ ಹೆಚ್ಚುತ್ತಾ ಮಾತಾಡುತ್ತಾರೆ, ಮಗು ಅಲ್ಲಿ ತಿನ್ನುತ್ತದೆ. "ಅಜ್ಜಿಗೆ ನಮಸ್ಕಾರ ಹೇಳು, ಹಾಡು ಹೇಳು" ಎಂದು ಮಗುವನ್ನು ಹಿಂಸೆ ಮಾಡದಿದ್ದರೆ ಮಾತು ತಾನಾಗಿ ಬರುತ್ತದೆ.

ಅವರನ್ನು ಕರೆಸುವುದಾದರೆ ಮೇ ತಿಂಗಳಿಂದ ಸೆಪ್ಟೆಂಬರ್ ಒಳಗೆ ಕರೆಸಿ. ಪ್ರವಾಸಿ ವೀಸಾದಲ್ಲಿ 180 ದಿನಗಳಲ್ಲಿ 90 ದಿನ ಇರಬಹುದು. ಕನಿಷ್ಠ 30,000 ಯೂರೋ ಚಿಕಿತ್ಸೆಯ ವಿಮೆ ಕಡ್ಡಾಯ. ಬಿಪಿ, ಶುಗರ್ ಇರುವವರ ವಿಮೆಯನ್ನು ಅಗ್ಗದ್ದು ನೋಡಿ ಆರಿಸಬೇಡಿ. ಜನವರಿಯಲ್ಲಿ ಬಂದ ಅಜ್ಜಿ ಮೂರು ತಿಂಗಳು ಕಿಟಕಿ ಹತ್ತಿರ ಕೂಡಬೇಕಾಗುತ್ತದೆ. ಜೂನಿನಲ್ಲಿ ಬಂದವರು ಮೊಮ್ಮಗುವನ್ನು ಕಿಟಾದಿಂದ ಕರೆದುಕೊಂಡು ಬರುತ್ತಾರೆ, ಬಸ್ಸಿನ ನಂಬರ್ ಕಲಿಯುತ್ತಾರೆ. ಮಣ್ಣೆತ್ತಿನ ಅಮಾವಾಸ್ಯೆಯೂ ಆ ಹೊತ್ತಿಗೇ ಬರುತ್ತದೆ, ಮೈದಾನದ ಕೆಸರಿನಲ್ಲಿ ಎತ್ತು ಮಾಡಿಕೊಡಲಿ.

ಹಬ್ಬಗಳಿಗೆ ದೊಡ್ಡ ಹಾಲ್, ನೂರಾರು ಮಂದಿ ಬೇಕಿಲ್ಲ. ನವೆಂಬರ್ 11ರ ಆಸುಪಾಸು ಕಿಟಾದ ಮಕ್ಕಳು ಕಾಗದದ ಕಂದೀಲು ಹಿಡಿದು ಹಾಡುತ್ತಾ ಸಂಜೆ ಮೆರವಣಿಗೆ ಹೋಗುತ್ತಾರೆ. ನಮ್ಮ ಗೌರಿ ಹುಣ್ಣಿಮೆಯೂ ಅದೇ ಹೊತ್ತಿಗೆ ಬರುತ್ತದೆ. ಊರಿಂದ ಬರುವವರ ಕೈಯಲ್ಲಿ ಸಕ್ಕರೆ ಗೊಂಬೆಯ ಅಚ್ಚು ತರಿಸಿಕೊಂಡರೆ ಕಿಟಾದ ಗೆಳೆಯರಿಗೂ ಹಂಚಬಹುದು. ಮೊದಲು ಅವರ ಅಪ್ಪ-ಅವ್ವಂದಿರನ್ನು ಕೇಳಿ, ಸಕ್ಕರೆ ಎಂದರೆ ಅಲ್ಲಿ ಕೆಲವರು ಹೌಹಾರುತ್ತಾರೆ.

10. ಊರಿಗೆ ಬರುವ ಲೆಕ್ಕ

ಎರಡು ವರ್ಷ ತುಂಬುವ ತನಕ ಮಗುವಿಗೆ ವಿಮಾನದಲ್ಲಿ ಬೇರೆ ಸೀಟಿನ ದುಡ್ಡಿಲ್ಲ, ಟಿಕೆಟಿನ ಸಣ್ಣ ಭಾಗ ಮಾತ್ರ. ಎರಡು ತುಂಬಿದ ಮೇಲೆ ಸೀಟು ಬೇಕು. ಕಿಟಾದ ವಯಸ್ಸಿನಲ್ಲಿ ಯಾವಾಗ ಬೇಕಾದರೂ ಹೇಳಿ ಬರಬಹುದು. ಜನವರಿ, ಫೆಬ್ರವರಿಯಲ್ಲಿ ಬನ್ನಿ. ಧಾರವಾಡದ ಹವೆ ಆಗ ಚೆನ್ನ, ಅಲ್ಲಿಯ ಕತ್ತಲಿನಿಂದಲೂ ಬಿಡುವು, ಕ್ರಿಸ್‌ಮಸ್ ಮುಗಿದ ಮೇಲೆ ಟಿಕೆಟ್ಟೂ ಇಳಿದಿರುತ್ತದೆ. ಆರು ವರ್ಷದ ಆಸುಪಾಸಿಗೆ ಶಾಲೆ ಶುರುವಾಯಿತೆಂದರೆ ಈ ಸ್ವಾತಂತ್ರ್ಯ ಹೋಯಿತು. ಶಾಲೆ ಅಲ್ಲಿ ಕಡ್ಡಾಯ, ಅಗ್ಗದ ಟಿಕೆಟಿಗೆಂದು ರಜೆಗೆ ಮೊದಲೇ ಮಗುವನ್ನು ಕರೆದುಕೊಂಡು ಹೊರಟರೆ ದಂಡ ಬೀಳಬಹುದು. ಅಣ್ಣ-ತಮ್ಮಂದಿರ ಮದುವೆ ಇದ್ದರೆ ಅಲ್ಲಿಯ ಶಾಲೆಯ ರಜೆ ನೋಡಿ ಮುಹೂರ್ತ ತೆಗೆಸಲು ಈಗಲೇ ಮನೆಯವರಿಗೆ ಹೇಳಿಡಿ. ಕೇಳುತ್ತಾರೋ ಬಿಡುತ್ತಾರೋ ಬೇರೆ ಮಾತು.

ಟಿಕೆಟ್ ತೆಗೆಯುವ ಮೊದಲು ಮಗುವಿನ ಪಾಸ್‌ಪೋರ್ಟಿನ ತಾರೀಖು ನೋಡಿ. ಮಗುವಿನ ಜರ್ಮನಿಯ ವಾಸದ ಕಾರ್ಡ್ ಸಾಮಾನ್ಯವಾಗಿ ಪಾಸ್‌ಪೋರ್ಟಿನ ಅವಧಿ ಮೀರಿ ಕೊಡುವುದಿಲ್ಲ. ಅಂದರೆ ಪಾಸ್‌ಪೋರ್ಟ್ ಮುಗಿದರೆ ಕಾರ್ಡೂ ಮುಗಿಯಿತು. ಹೊಸ ಪಾಸ್‌ಪೋರ್ಟಿಗೆ ಅಲ್ಲಿಯ ಭಾರತೀಯ ದೂತಾವಾಸದಲ್ಲಿ ಅರ್ಜಿ, ಅದು ಬಂದ ಮೇಲೆ ಕಾರ್ಡಿಗೆ ವಿದೇಶಿಯರ ಕಚೇರಿಯಲ್ಲಿ ಇನ್ನೊಂದು ಅರ್ಜಿ. ಎರಡಕ್ಕೂ ಅಪಾಯಿಂಟ್‌ಮೆಂಟ್ ಬೇಕು, ಎರಡೂ ನಿಧಾನ. ಮುಗಿಯುವ ಆರು ತಿಂಗಳ ಮೊದಲೇ ಶುರು ಮಾಡಿ. ಕಾರ್ಡ್ ಕೈಯಲ್ಲಿ ಇಲ್ಲದೇ ಊರಿಗೆ ಬಂದರೆ ವಾಪಸ್ ಹೋಗಲು ಮಗುವಿಗೆ ಮತ್ತೆ ವೀಸಾ ಮಾಡಿಸಬೇಕಾದೀತು, ಬೆಂಗಳೂರಿಗೆ ಓಡಾಡುವುದರಲ್ಲೇ ರಜೆ ಮುಗಿಯುತ್ತದೆ.